ಎರಡನೇ ಪಟಾಕಿ

ಕುಟ್ರುಹಕ್ಕಿ, ಎಡಗಿವಿಯಲ್ಲಿ ಮಾತ್ರ, ಕುಟ್ರೂ ಕುಟ್ರೂ ಕುಟ್ರೂ, ಹೆಡ್‌ಫೋನಿನ ಬಲಗಡೆ ಸತ್ತು ಎರಡು ತಿಂಗಳಾಯಿತು, ಹೊಸದು ಕಳಿಸ್ತೀವಿ ಕಳಿಸ್ತೀವಿ ಅಂತ ಬೆಂಗಳೂರಿನವರು ಹೇಳುತ್ತಲೇ ಇದ್ದಾರೆ, ಕಳಿಸುವ ಜಾಯಮಾನದವರಾ ಅವರು — ಆದರೂ ಎಷ್ಟು ಚೆನ್ನಾಗಿ ಬಂದಿದೆ ನೋಡು ಹಕ್ಕಿ, ಹಕ್ಕಿಯ ಹಿಂದೆ ತರಗೆಲೆ ಮೇಲೆ ಯಾರದೋ ಹೆಜ್ಜೆ, ಅದರ ಹಿಂದೆ ಕ್ಯಾಮೆರಾ ಹೊತ್ತ ಸೋಮಯ್ಯಣ್ಣನ ಏದುಸಿರು, ಇದನ್ನೇ ಮೊದಲಿಗೆ ಇಡಬೇಕು, ಆರು ಸೆಕೆಂಡು, ಮಾತು ಬೇಡ, ಬರೀ ಹಕ್ಕಿ, ಆಮೇಲೆ ಢಂ — ಅಂದುಕೊಂಡಳು ಭವ್ಯಶ್ರೀ, ಅಂದುಕೊಂಡದ್ದಕ್ಕೆ ತನ್ನ ಕೆನ್ನೆಗೆ ತಾನೇ ಒಂದು ಬಾರಿಸಿಕೊಳ್ಳಬೇಕು ಅನ್ನಿಸಿತು, ಥೂ ನಿನ್ನ, ಮನುಷ್ಯಳೇನೇ ನೀನು. ಕಾರಿನ ಕಿಟಕಿ ಅರ್ಧ ಇಳಿದಿದೆ, ಲ್ಯಾಪ್‌ಟಾಪು ತೊಡೆ ಸುಡುತ್ತಿದೆ, ಮಧ್ಯಾಹ್ನ ಹನ್ನೆರಡೂ ಹತ್ತು, ಒಂದು ಗಂಟೆಯ ಟಿವಿ ವಾರ್ತೆಗೆ ಸ್ಟೋರಿ ಹೋಗಲೇಬೇಕು, ಈ ಅತ್ತಿಬಾಣೆ ಎಸ್ಟೇಟಿನಲ್ಲಿ ಕಾಫಿ ಕಣದ ಈ ಒಂದು ಮೂಲೆಯಲ್ಲಿ ಮಾತ್ರ ನೆಟ್‌ವರ್ಕಿನ ಎರಡು ಕಡ್ಡಿ ಏಳುತ್ತವೆ, ಅದಕ್ಕೇ ಕಾರು ಇಲ್ಲಿದೆ, ಇಲ್ಲಿಂದ ಐವತ್ತು ಹೆಜ್ಜೆಗೆ ಕಣದ ನಡುವೆ ಆನೆ ಓಡಿಸಲು ಹೋಗಿದ್ದ ರಾಜು ಮಲಗಿದ್ದಾನೆ, ಮಲಗಿದ್ದಾನಂತೆ, ಮಲಗುವುದಕ್ಕೆ ಅವನಲ್ಲಿ ಉಳಿದಿರುವುದೇನು, ಕಾಫಿ ಒಣಹಾಕುವ ನೀಲಿ ಟಾರ್ಪಾಲು ಹೊದಿಸಿದ್ದಾರೆ, ಟಾರ್ಪಾಲು ಉಬ್ಬಬೇಕಾದ ಕಡೆ ಉಬ್ಬಿಲ್ಲ, ಎದೆ ಇರಬೇಕಾದ ಜಾಗ ತಗ್ಗಾಗಿದೆ. ಬೆಳಿಗ್ಗೆ ಆರೂಮುಕ್ಕಾಲಿಗೆ ಸಲಗ ತುಳಿದದ್ದು. ಪೊಲೀಸರು ಇನ್ನೂ ಬಂದಿಲ್ಲ, ಬರಲಾಗಿಲ್ಲ, ನೆಲ್ಯಹುದಿಕೇರಿ ಕಡೆಯ ರಸ್ತೆಗೆ ಲೈನುಮನೆಯ ಕೂಲಿಯವರು ಸಿಲ್ವರ್ ಮರ ಕಡಿದು ಅಡ್ಡ ಕೆಡವಿದ್ದಾರೆ, ದೊಡ್ಡ ಸಾಹೇಬರೇ ಬರಬೇಕು, ಅಲ್ಲೀವರೆಗೆ ಹೆಣ ಎತ್ತಲ್ಲ, ಯಾರನ್ನೂ ಒಳಗೆ ಬಿಡಲ್ಲ, ಬಂದ್ರೆ ಜೀಪಿಗೇ ಬೆಂಕಿ ಇಡ್ತೀವಿ, ಅಂತ ಕೂಗಿದ್ದನ್ನೆಲ್ಲ ಸೋಮಯ್ಯಣ್ಣ ಶೂಟ್ ಮಾಡಿದ್ದಾನೆ, ಅದೂ ಇದೆ, ಎಲ್ಲಾ ಇದೆ, ಇಲ್ಲ ಅನ್ನುವುದೇ ಇಲ್ಲ.

ಭವ್ಯಾ, ಸ್ಟೋರಿ ಎಲ್ಲಿ, ಐವತ್ತೇ ನಿಮಿಷ ಇರೋದು — ಚಿದಾನಂದ ಸರ್, ಬೆಂಗಳೂರಿನ ಡೆಸ್ಕಿನಿಂದ, ನಾಲ್ಕನೇ ಸಲ ಫೋನು — ತುಳಿಯೋ ವಿಷುವಲ್ ಇದ್ಯಾ, ಇಲ್ಲ ಸರ್, ಕ್ಯಾಮೆರಾ ಮೇಲಕ್ಕೆ ಹೋಗಿಬಿಡ್ತು, ಬರೀ ಆಕಾಶ ಮರದ ತುದಿ ಇದೆ, ಸೌಂಡ್ ಇದ್ಯಾ, ಸೌಂಡು — ಇದೆ ಸರ್, ಇದ್ಯಾ, ಭೇಷ್, ಹಾಗಾದ್ರೆ ಸ್ಕ್ರೀನ್ ಕಪ್ಪು ಮಾಡಿ ಸೌಂಡ್ ಮಾತ್ರ ಬಿಡು, ಜನ ಕಣ್ಣಲ್ಲಿ ನೋಡೋದಕ್ಕಿಂತ ಕಿವೀಲಿ ಜಾಸ್ತಿ ನೋಡ್ತಾರೆ. ಆ ಮನುಷ್ಯ ಹೇಳುವುದರಲ್ಲಿ ಸುಳ್ಳಿಲ್ಲ, ಕೆಲಸ ಕಲಿಸಿದ್ದೇ ಅವರು, ಆರು ವರ್ಷದ ಹಿಂದೆ ಹಾರಂಗಿ ಅಣೆಕಟ್ಟಿನ ಗೇಟು ತೆಗೆದ ದಿನ, ಅವಳ ಮೊದಲನೇ ಸ್ಟೋರಿ, ಇಂಜಿನಿಯರ್ ಸಾಹೇಬರನ್ನು ಎರಡು ನಿಮಿಷ ಮಾತಾಡಿಸಿ ಕಳಿಸಿದ್ದಳು, ರಾತ್ರಿ ಫೋನು ಬಂತು, ಏನಮ್ಮಾ ಭವ್ಯಶ್ರೀ, ಗೇಟ್ ತೆಗೆದ್ರೆ ನೆಲ ನಡುಗುತ್ತೆ, ಆ ಸದ್ದು ಎಲ್ಲಿ, ನೀನು ನೀರು ಬಿಟ್ಟು ಇಂಜಿನಿಯರ್ ಮೀಸೆ ತೋರಿಸ್ತೀಯಲ್ಲ, ಸದ್ದು ಮೊದಲು ಬರಬೇಕು, ಚಿತ್ರ ಆಮೇಲೆ, ಮಾತು ಕೊನೇಗೆ. ಆವತ್ತು ಅತ್ತಿದ್ದಳು, ಅತ್ತು ಕಲಿತಿದ್ದಳು, ಆಮೇಲೆ ಸದ್ದಿಲ್ಲದ ಸ್ಟೋರಿಯನ್ನು ಅವಳು ಕಳಿಸಿದ್ದೇ ಇಲ್ಲ, ಗರಗಸದ ಸದ್ದಿಗೆ ಅರ್ಧ ದಿನ ಮಿಲ್ಲಿನ ಬಾಗಿಲಲ್ಲಿ ಕೂತವಳು, ಹೆಣದ ಮನೆಯಲ್ಲಿ ಅಳು ನಿಂತರೆ ಮತ್ತೆ ಏಳಲಿ ಅಂತ ಕಾದವಳು, ಹೌದು, ಕಾದಿದ್ದೇನೆ, ಶನಿವಾರಸಂತೆಯಲ್ಲಿ ಅಮ್ಮ ಶಿವಮ್ಮ ಟಿವಿ ಮುಂದೆ ಕೂತು ಬೀದಿಯವರನ್ನೆಲ್ಲ ಕರೀತಾಳೆ, ಬನ್ರೇ ನಮ್ ಭವ್ಯನ್ ಸುದ್ದಿ ಬತ್ತೈತೆ, ಅದೇನೇ ಅದು ಬೈಟು ಬೈಟು ಅಂತೀಯ, ಬೈಟು ಅಂದ್ರೆ ಮೈಕಿಗೆ ಜನ ಆಡೋ ಮಾತು ಕಣಮ್ಮ, ಅಷ್ಟೇ, ಮಾತಾಡ್ಸದಕ್ಕೂ ಸಂಬ್ಳ ಕೊಡ್ತಾರೇನೇ. ಕೊಡ್ತಾರೆ ಅಮ್ಮ. ಬೆಳಿಗ್ಗೆಯಿಂದ ಮೂರು ಬೈಟು ತೆಗೆದಿದ್ದೇನೆ. ನನ್ನ ಬೈಟು ಮಾತ್ರ ಯಾರೂ ತೆಗೆದಿಲ್ಲ.

ಮುಂದಕ್ಕೆ ಓಡಿಸು, ಕೆಲಸ ನೋಡು. ಆರೂ ಇಪ್ಪತ್ತರ ಬೆಳಕು, ಕಾಫಿ ಗಿಡದ ಸಾಲು, ಸಾಲಿನ ಕೊನೆಗೆ ಬೂದು ಬೆನ್ನುಗಳು ಅಲ್ಲಾಡುತ್ತಿವೆ, ಮೂರು ಹೆಣ್ಣಾನೆ, ಒಂದು ಮರಿ, ಹಿಂದೆ ಎಲ್ಲೋ ಒಂದು ಸಲಗ, ಎಸ್ಟೇಟಿನವರೇ ಆನೆ ಓಡಿಸುವ ತಂಡ ಇಟ್ಟುಕೊಂಡಿದ್ದಾರೆ, ಹಾಡಿಯ ಐದು ಜನ, ಅದರಲ್ಲಿ ಪಟಾಕಿ ಚಿನ್ನನ ಕೈಯಲ್ಲಿ, ಕೆಳಗೇಟು ರಾಜುವಿನ ಪಾಲಿಗೆ. ಚಿನ್ನ ರಾಜುವಿನ ಹೆಂಡತಿ ಮುದ್ದಿಯ ಒಡಹುಟ್ಟಿದ ತಮ್ಮ. ಟಿವಿಯವರು ಬರುತ್ತಾರೆ ಅಂತ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದ, ಪಾಪದವನು, ಮೂವತ್ತೂ ಆಗಿರಲಿಕ್ಕಿಲ್ಲ, ಅಕ್ಕಾ ನಾನು ಯಾವ ಕಡೆ ನಿಲ್ಲಬೇಕು ಅಂತ ಎರಡು ಸಲ ಕೇಳಿದ್ದ. ಅವನೇ ಅವಳಿಗೆ ಓಡಿಸುವ ಲೆಕ್ಕ ಹೇಳಿಕೊಟ್ಟದ್ದು, ಮೈಕು ಸಿಕ್ಕಿಸುವಾಗ, ಅದೂ ರೆಕಾರ್ಡ್ ಆಗಿದೆ ನೋಡು, ಕೇಳು — ಮೇಲಿಂದ ನಾನು ಒಂದು ಪಟಾಕಿ ಹೊಡಿಯದು ಅಕ್ಕ, ಆನೆ ಇಳೀತದೆ, ಭಾವ ಕೆಳಗೇಟು ತೆಗೆದು ಮರದ ಹಿಂದೆ ನಿಂತಿರ್ತಾನೆ, ಎಲ್ಲಾ ದಾಟಿದ್ರೆ ಎರಡು ಶಿಳ್ಳೆ, ಒಂದು ಉಳಿದ್ರೆ ಒಂದೇ ಶಿಳ್ಳೆ, ಒಂದೇ ಬಂತೋ, ಆವಾಗ ಯಾರೂ ಉಸಿರು ಬಿಡಂಗಿಲ್ಲ, ಉಳಿದಿದ್ದು ತಂಗೆ ಬೇಕಾದಾಗ ತಾನೇ ಇಳೀತದೆ, ಅವಸರ ಮಾಡಿದ್ರೆ ಕೆಟ್ಟೆವು. ಎಷ್ಟು ನೀಟಾಗಿ ಹೇಳಿದ್ದಾನೆ, ಇಪ್ಪತ್ತೊಂದು ಸೆಕೆಂಡು, ಒಂದು ಮಾತು ಆಚೀಚೆ ಇಲ್ಲ, ಓದಿದವನೂ ಹೀಗೆ ಹೇಳಲಾರ, ಇದೇ ಒಂದು ಬೈಟು ಪ್ರಸಾರವಾದರೆ ಊರಿಗೆ ಊರೇ ಕೇಳುತ್ತದೆ, ಹಾಗಾದರೆ ಅವನು ಎರಡನೆಯದು ಯಾಕೆ ಹೊಡೆದ ಅಂತ. ಅದಕ್ಕೇ ಇದು ಟೈಮ್‌ಲೈನಿನ ಹೊರಗೇ ಉಳಿದಿದೆ. ಮೊದಲನೇ ಪಟಾಕಿ ಆರೂ ಮೂವತ್ತಾರಕ್ಕೆ. ಬೀಡಿಯ ತುದಿಗೆ ಬತ್ತಿ ತಾಗಿಸಿ ಚಿನ್ನ ಎಸೆದ, ಕಾಡು ನಡುಗಿತು, ಹೆಣ್ಣಾನೆಗಳು ಮರಿಯನ್ನು ನಡುವೆ ಹಾಕಿಕೊಂಡು ಇಳಿದವು, ಎಂಥ ಚಂದದ ಚಿತ್ರ, ಅವಳು ಸಂತೋಷದಲ್ಲಿ ಸೋಮಯ್ಯಣ್ಣನ ಬೆನ್ನು ತಟ್ಟಿದಳು, ಅವನು ಕ್ಯಾಮೆರಾದಿಂದ ಕಣ್ಣು ತೆಗೆದು ಹಲ್ಲು ಕಚ್ಚಿದ, ಭವ್ಯ, ಎಂಥ ಮಾಡದು ಮಾರಾಯ್ತಿ, ಮೈಕ್ ಆನ್ ಆಗ್ಲೇ ಇಲ್ಲ, ಸೌಂಡ್ ಬಂದಿಲ್ಲ. ಇಪ್ಪತ್ತು ವರ್ಷ ಮದುವೆ ವಿಡಿಯೋ ತೆಗೆದ ಮನುಷ್ಯ, ಚಿನ್ನನ ಮಾತಾದ ಮೇಲೆ ಆಫ್ ಮಾಡಿದ ಒಂದು ಗುಂಡಿಯನ್ನು ಮತ್ತೆ ಒತ್ತಲು ಮರೆತಿದ್ದ. ಚಿತ್ರದಲ್ಲಿ ಪಟಾಕಿ ಸಿಡಿದಿದೆ, ಹೊಗೆ ಎದ್ದಿದೆ, ಆನೆಗಳು ಓಡುತ್ತಿವೆ, ಸದ್ದಿಲ್ಲ, ಒಂದು ಇರುವೆ ಹರಿದ ಸದ್ದೂ ಇಲ್ಲ.

ಆಗ ಕೆಳಗಿಂದ ಶಿಳ್ಳೆ ಬಂತು. ಈಗ ಮೈಕು ಆನ್ ಆಗಿದೆ, ಕೇಳು, ಫೀಈಈ — ಒಂದು. ಇನ್ನೊಂದು ಬರಲಿಲ್ಲ. ಕುಟ್ರುಹಕ್ಕಿ ಕೂಗುತ್ತಿದೆ. ಆಮೇಲೆ ಒಂದು ಹೆಂಗಸಿನ ದನಿ, ಯಾರಪ್ಪಾ ಇವಳು, ಎಷ್ಟು ನಯ, ಎಷ್ಟು ಸಕ್ಕರೆ, ಚಿನ್ನಣ್ಣಾ, ಇನ್ನೊಂದು ಸಲ ಹೊಡೀತೀರಾ, ಸೌಂಡ್ ಬಂದಿಲ್ಲ — ಅಕ್ಕ ಒಂದೇ ಶಿಳ್ಳೆ ಬಂದದ್ದು, ಒಂದು ಉಳಿದದೆ, ಈಗ ಹೊಡೀಬಾರ್ದು — ಅಯ್ಯೋ ಅದು ಎಲ್ಲಿದೆಯೋ ಏನೋ, ಎಲ್ಲಾ ಕೆಳಗೆ ಹೋದ್ವಲ್ಲ, ನಾನೇ ನೋಡಿದೆ, ಒಂದೇ ಒಂದು, ಸಣ್ಣದು, ಮ್ಯಾನೇಜರ್ ಹೇಳಿದ್ದಾರಲ್ವಾ ಟಿವಿಯವ್ರು ಕೇಳಿದ್ದು ಮಾಡಿ ಅಂತ — ಇದು ನನ್ನ ದನಿ, ನನ್ನದೇ, ಶನಿವಾರಸಂತೆಯ ಶಿವಮ್ಮನ ಮಗಳ ದನಿ, ಮ್ಯಾನೇಜರ್ ಹೆಸರು ಹೇಳಿ ಹೆದರಿಸಿದ್ದೂ ನಾನೇ. ಚಿನ್ನ ಪಟಾಕಿ ತೆಗೆದ. ಬತ್ತಿಯನ್ನು ಬೀಡಿಯ ಹತ್ತಿರ ಹಿಡಿದ. ತಾಗಿಸಲಿಲ್ಲ. ಕತ್ತು ತಿರುಗಿಸಿ ಅವಳನ್ನು ನೋಡಿದ, ಅವಳು ಹೇಳಲಿ ಅಂತ, ಬೇಡ ಅಂತ ಹೇಳಲಿ ಅಂತಲೋ ಹೂಂ ಅಂತ ಹೇಳಲಿ ಅಂತಲೋ, ಕಾದ. ಫ್ರೇಮಿನ ಬಲಮೂಲೆಯಿಂದ ಒಂದು ಕೈ ಒಳಗೆ ಬರುತ್ತದೆ, ಕೆಂಪು ದಾರ ಕಟ್ಟಿದ ನನ್ನ ಕೈ, ಮೂರು ಬೆರಳು, ಎರಡು ಬೆರಳು, ಒಂದು ಬೆರಳು, ಸ್ಟುಡಿಯೋದಲ್ಲಿ ಮಾಡುವ ಹಾಗೆ, ಅಭ್ಯಾಸ, ದರಿದ್ರದ ಅಭ್ಯಾಸ, ಮಡಚಿದ ಕೊನೆಯ ಬೆರಳಿನ ಜೊತೆ ಬತ್ತಿ ಹೊತ್ತಿತು. ಢಂ. ಎಂಥ ಸದ್ದು ಬಂತು ಶಿವನೇ, ಚಿದಾನಂದ ಸರ್ ಎದೆ ತುಂಬಿ ಬರುವಂಥ ಸದ್ದು. ಮೂವತ್ತು ಅಡಿ ಬಲಕ್ಕೆ ಕಾಫಿ ಗಿಡದೊಳಗೆ ಬಂಡೆ ಅಂದುಕೊಂಡದ್ದು ಎದ್ದು ನಿಂತಿತು, ಎದ್ದ ರಭಸಕ್ಕೇ ಇಳಿಯಿತು, ಗಿಡ ಮುರಿಯುವ ಲಟಲಟ, ಸೋಮಯ್ಯಣ್ಣ ಬಿದ್ದ, ಕ್ಯಾಮೆರಾ ಆಕಾಶ ನೋಡಿತು, ಸಿಲ್ವರ್ ಮರದ ತುದಿ, ಬಿಳಿ ಮೋಡ, ಅಷ್ಟೇ, ಸದ್ದು ಮಾತ್ರ ನಿಲ್ಲಲಿಲ್ಲ. ಕೆಳಗೆ ರಾಜು, ಉಳಿದದ್ದು ಸದ್ಯಕ್ಕೆ ಇಳಿಯುವುದಿಲ್ಲ ಅಂದುಕೊಂಡು, ಮರ ಬಿಟ್ಟು ಗೇಟಿನ ನಡುವೆ ನಿಂತಿದ್ದ, ದಾಟಿದ ಹಿಂಡು ತಿರುಗಿ ಬಂದೀತಾ ಅಂತ ಆಚೆ ನೋಡುತ್ತಾ, ಬೆನ್ನು ಈಚೆಗೆ. ಎಡಗಿವಿಯಲ್ಲಿ ಮೊದಲು ಅವನ ಓಯ್, ಕರೆದ ಹಾಗೆ ಬರೀ ಒಂದು ಓಯ್, ಆಮೇಲೆ ಗೇಟಿನ ಕಬ್ಬಿಣ, ಆಮೇಲೆ ಹಸಿ ಬಿದಿರು ಸೀಳಿದ ಹಾಗೆ ಒಂದು, ಅದು ಬಿದಿರಲ್ಲ, ಮತ್ತೆ ಒಂದು, ಆಮೇಲೆ ಸಲಗ ನಿಂತು ನಿಧಾನ, ಯಾವ ಅವಸರವೂ ಇಲ್ಲದೆ, ಕಾಲು ಎತ್ತಿ ಇಟ್ಟು ಎತ್ತಿ ಇಟ್ಟು — ನಿಲ್ಲಿಸು. ಹಿಂದಕ್ಕೆ ಹೋಗು. ಅವಳು ಹಿಂದಕ್ಕೆ ಎಳೆದಳು, ರಾಜು ಮತ್ತೆ ಬದುಕಿದ, ಶಿಳ್ಳೆ ಹೊಡೆದ.

ಅದನ್ನು ಅವಳು ಕಣ್ಣಾರೆ ನೋಡಿದ್ದೂ ಹೌದು, ಆನೆ ಹೋದ ಮೇಲೆ ಎಲ್ಲರೂ ಇಳಿದರು, ಒಂದು ಚಪ್ಪಲಿ ಬೇಲಿ ತಂತಿಗೆ ಸಿಕ್ಕಿತ್ತು, ರಾಜುವಿನ ಮುಖಕ್ಕೆ ಏನೂ ಆಗಿರಲಿಲ್ಲ, ಅದೇ ಘೋರ, ಮುಖ ಇದ್ದ ಹಾಗೇ ಇತ್ತು, ಕೆಳಗೆ ಮಣ್ಣು ಯಾವುದು ಮನುಷ್ಯ ಯಾವುದು ಗೊತ್ತಾಗುತ್ತಿರಲಿಲ್ಲ, ಅವಳು ಗೇಟಿನ ಕಂಬ ಹಿಡಿದು ವಾಂತಿ ಮಾಡಿಕೊಂಡಳು, ಬಾಯಿ ಒರೆಸಿಕೊಂಡು ಸೋಮಯ್ಯಣ್ಣನಿಗೆ ಹೇಳಿದಳು, ಚಪ್ಪಲಿ ತಗೊಳ್ಳಿ, ಕ್ಲೋಸಾಗಿ ತಗೊಳ್ಳಿ. ಹೇಳಿದೆ, ಹೌದು, ಹೊಟ್ಟೆ ವಾಂತಿ ಮಾಡುತ್ತಿದ್ದರೂ ಬಾಯಿ ಕೆಲಸ ಮಾಡುತ್ತಿತ್ತು. ಲೈನಿನಿಂದ ಜನ ಬಂತು, ರಾಜುವಿನ ಅಣ್ಣ ಬಂದ, ಸೀದಾ ಚಿನ್ನನ ಕೊರಳಪಟ್ಟಿಗೆ ಕೈ, ಒಂದೇ ಶಿಳ್ಳೆ ಬಂದದ್ದು ನಾವು ಲೈನಲ್ಲಿ ಕೂತು ಕೇಳಿದೀವಲ್ಲೋ, ಎರಡ್ನೇದು ಯಾಕೆ ಹೊಡ್ದೆ, ಯಾರು ಹೇಳಿದ್ದು ನಿಂಗೆ — ಕಪಾಳಕ್ಕೆ ಒಂದು, ಮೂಗಿಗೆ ಒಂದು — ಬೇಕಂತ್ಲೇ ಹೊಡ್ದೆ ಅಲ್ವಾ, ಹೋದ ಭಾನ್ವಾರ ಇವನೇ ಬೈದಿದ್ದು, ನಿನ್ನ ಆನೆ ತುಳೀಲಿ ಅಂತ, ನಾವೆಲ್ಲ ಕೇಳಿದೀವಿ. ಬೈದದ್ದು ನಿಜ, ರಾಜು ಕುಡಿದು ಮುದ್ದಿಗೆ ಹೊಡೆದಿದ್ದನಂತೆ, ಅಕ್ಕನ ತುಟಿ ಒಡೆದದ್ದು ನೋಡಿ ತಮ್ಮ ಅಂದಿದ್ದನಂತೆ, ಯಾವ ತಮ್ಮ ಅನ್ನುವುದಿಲ್ಲ ಹೇಳು. ಯಾರು ಹೇಳಿದ್ದು ನಿಂಗೆ ಹೊಡಿ ಅಂತ, ಬೊಗಳು. ಚಿನ್ನನ ಮೂಗಿನ ರಕ್ತ ಬಾಯಿಗೆ ಬರುತ್ತಿತ್ತು, ಕತ್ತು ತಿರುಗಿಸಿ ಅವಳನ್ನು ನೋಡಿದ, ಅವಳು ಹೇಳಲಿ ಅಂತ. ದೂರಲಿಲ್ಲ, ಬೆರಳು ತೋರಿಸಲಿಲ್ಲ, ದೊಡ್ಡವರು, ಓದಿದವರು, ಹೇಳೇ ಹೇಳುತ್ತಾರೆ ಅಂತ ನಂಬಿಕೊಂಡು ನಿಂತಿದ್ದ. ನೀನೇನು ಮಾಡಿದೆ ಭವ್ಯಶ್ರೀ? ಮೈಕಿನ ಸ್ಪಂಜು ಸರಿ ಮಾಡಿಕೊಂಡೆ. ಈ ಗಲಾಟೆಯಲ್ಲಿ ಬೇಡ, ಎಲ್ಲಾ ತಣ್ಣಗಾಗಲಿ, ಪೊಲೀಸರ ಹತ್ತಿರ ಮೆಲ್ಲಗೆ ಹೇಳಿದರಾಯಿತು ಅಂದುಕೊಂಡೆ, ಹೆದರಿದೆ ಅಂತ ಹೇಳು, ಚೆನ್ನಾಗಿ ಹೇಳು, ಹೆದರಿದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮನು ಹೇಗೋ ಮಾಡಿ ಚಿನ್ನನನ್ನು ಬಿಡಿಸಿ ಗೊಬ್ಬರದ ಗೋಡೌನಿಗೆ ತಳ್ಳಿ ಬೀಗ ಹಾಕಿದ, ಅಷ್ಟು ಹೊತ್ತಿಗೆ ಮುದ್ದಿ ಬಂದಳು.

ಮುದ್ದಿಯ ಬೈಟು, ಒಂದು ನಿಮಿಷ ನಲವತ್ತು. ತುಟಿಯ ಮೇಲೆ ಹಳೇ ಗಾಯದ ಹಕ್ಕಳೆ, ನನ್ನ ತಮ್ಮನೇ ಕೊಂದ ಅಕ್ಕ, ಕೈಯಾರೆ ಎತ್ತಿ ಆಡಿಸಿದವ್ನು, ಹೋದ ವಾರ ಆನೆ ತುಳೀಲಿ ಅಂದ, ಇವತ್ತು ತುಳಿಸ್ದ, ಅವ್ನ ಕೈಗೆ ಹುಳ ಬೀಳ, ನಂಗೆ ಅವ್ನು ಬೇಡ, ಅವ್ನು ಸಾಯ್ಲಿ. ಇದಕ್ಕೆ ಚಿದಾನಂದ ಸರ್ ಕುಣಿದಾಡಿಬಿಟ್ಟರು, ತಂಗಿ, ಇದು ಆನೆ ಸ್ಟೋರಿ ಅಲ್ಲ ಕಣಮ್ಮ, ಕೊಲೆ ಸ್ಟೋರಿ, ಭಾವನನ್ನ ಆನೆಗೆ ತುಳಿಸಿದ ಬಾಮೈದ, ಇದೇ ಹೆಡ್‌ಲೈನು. ಅವರಿಗೆ ಕಳಿಸಿದ್ದು ಅಷ್ಟೇ, ಅದರ ಮುಂದಿನದು ಇಲ್ಲಿದೆ, ನನ್ನ ಹತ್ತಿರ. ಮುದ್ದಿ ಮೂಗು ಒರೆಸಿಕೊಂಡು ಕೇಳುತ್ತಾಳೆ, ನೀವು ಅಲ್ಲೇ ಇದ್ರಂತಲ್ಲ ಅಕ್ಕ, ಅವ್ನು ಯಾಕೆ ಎರಡ್ನೇದು ಹೊಡ್ದ. ಅದಾದ ಮೇಲೆ ಖಾಲಿ. ಎಣಿಸಿದರೆ ಹನ್ನೊಂದು ಸೆಕೆಂಡು ಖಾಲಿ, ನೊಣದ ಗುಯ್, ದೂರದಲ್ಲಿ ಯಾರೋ ಕೆಮ್ಮಿದ್ದು. ಆಮೇಲೆ ಸಕ್ಕರೆ ದನಿ, ಗೊತ್ತಾಗ್ಲಿಲ್ಲಮ್ಮ. ಗೊತ್ತಾಗ್ಲಿಲ್ಲ! ನಿನ್ನ ನಾಲಿಗೆ ಸೇದಿಹೋಗ. ಎರಡು ಕೀ ಒತ್ತಿದರೆ ಆ ಹನ್ನೊಂದು ಸೆಕೆಂಡು ಇಲ್ಲ. ಒತ್ತಿದಳು, ಹೋಯಿತು. ಶಿಳ್ಳೆ ಆದ ಮೇಲಿನ ಆ ನಯದ ಮಾತು, ಅದೂ ಹೋಯಿತು, ಅಲ್ಲಿಗೆ ಕುಟ್ರುಹಕ್ಕಿ ಎಳೆದು ಮುಚ್ಚಿದಳು, ಹಕ್ಕಿ ಎಷ್ಟು ಬೇಕಾದರೂ ಕೂಗುತ್ತದೆ. ಉಳಿದದ್ದು ಕೈ, ಬಲಮೂಲೆಯ ಕೈ, ಮೂರು ಬೆರಳು. ಚಿತ್ರವನ್ನು ಒಂದಿಷ್ಟು ದೊಡ್ಡದು ಮಾಡಿದರೆ ಅಂಚು ಹೊರಗೆ ಹೋಗುತ್ತದೆ, ಮಾಡಿದಳು, ಕೆಂಪು ದಾರ ಹೋಯಿತು, ಬೆರಳು ಹೋಯಿತು, ಚಿನ್ನ ಇನ್ನೂ ಹತ್ತಿರ ಬಂದ, ಮುಖ ತುಂಬಾ ದೊಡ್ಡದಾಯಿತು, ಕತ್ತು ತಿರುಗಿಸಿ ನೋಡುತ್ತಿದ್ದಾನೆ, ಯಾರನ್ನು ಅಂತ ಈಗ ಯಾರಿಗೂ ಗೊತ್ತಾಗುವುದಿಲ್ಲ, ಕೊಲೆ ಮಾಡುವ ಮುಂಚೆ ಸುತ್ತ ನೋಡಿಕೊಂಡ ಅನ್ನಬಹುದು, ಅನ್ನುತ್ತಾರೆ, ಡೆಸ್ಕಿನವರು ಆ ಮುಖದ ಸುತ್ತ ಕೆಂಪು ವೃತ್ತ ಎಳೆದು ಬಾಣದ ಗುರುತು ಹಾಕುತ್ತಾರೆ. ಸೋಮಯ್ಯಣ್ಣನಿಗೆ ಎಲ್ಲಾ ಗೊತ್ತು, ಆ ಕ್ಲಿಪ್ ನೀನೇ ನೋಡ್ಕೋ ಭವ್ಯ, ನಂಗೆ ಎಂಥದೂ ಗೊತ್ತಿಲ್ಲ, ನಂಗೆ ಮನೆ ಮಕ್ಕಳು ಉಂಟು ಅಂತ ಹೇಳಿ ಬೇರೆ ಕ್ಯಾಮೆರಾ ಹೊತ್ತು ಜನದ ಕಡೆ ಹೋಗಿದ್ದಾನೆ. ಹನ್ನೆರಡೂ ನಲವತ್ತೊಂದು. ಕಳಿಸುವ ಗುಂಡಿ ಒತ್ತಿದಳು. ಹಸಿರು ಗೆರೆ ಹರಿಯತೊಡಗಿತು, ಹತ್ತು, ಹದಿನಾಲ್ಕು, ಎರಡು ಕಡ್ಡಿಯ ನೆಟ್‌ವರ್ಕಿಗೆ ಇಷ್ಟೇ ಶಕ್ತಿ.

ಗೆರೆ ಹರಿಯುವಷ್ಟು ಹೊತ್ತು ಕಿವಿಯಲ್ಲಿ ಬೆಳಗಿನ ಗಲಾಟೆ, ಹೊಡೀರಿ ಅವನನ್ನ, ಬಿಡಬೇಡಿ, ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದು, ಹಲಗೆ ಮುರಿದ ಸದ್ದು, ಇದು ಎಲ್ಲಿ ಬಂತು, ಬೆಳಿಗ್ಗೆ ಹಲಗೆ ಮುರಿದಿರಲಿಲ್ಲವಲ್ಲ, ಯಾವ ಕ್ಲಿಪ್ಪಿನದು, ನಿಲ್ಲಿಸಿದಳು, ಸದ್ದು ನಿಲ್ಲಲಿಲ್ಲ. ಸ್ಕ್ರೀನಿನಲ್ಲಿ ಎಲ್ಲಾ ನಿಂತಿದೆ, ಸದ್ದು ನಡೆಯುತ್ತಿದೆ. ಬಲಗಿವಿಯಲ್ಲಿ, ಸತ್ತ ಕಡೆಯಿಂದ, ಕಿಟಕಿಯ ಕಡೆಯಿಂದ. ಹೆಡ್‌ಫೋನ್ ಕಿತ್ತೆಸೆದಳು, ಇದು ಈಗಿನದು, ಅಯ್ಯೋ ಇದು ಈಗ ಆಗುತ್ತಿರುವುದು, ಗೋಡೌನಿನ ಬಾಗಿಲು ನೆಲಕ್ಕೆ ಬಿದ್ದಿದೆ, ಅದರ ಮೇಲೆ ಜನ, ಮನು ಹಣೆ ಒಡೆದುಕೊಂಡು ಒಂದು ಕಡೆ ಕೂತಿದ್ದಾನೆ, ಚಿನ್ನನನ್ನು ಕಣದ ಸಿಮೆಂಟಿನ ಮೇಲೆ ಎಳೆದು ತರುತ್ತಿದ್ದಾರೆ, ಕಾಲು ಹಿಡಿದು, ತಲೆ ಬಡಿದುಕೊಂಡು ಬರುತ್ತಿದೆ, ಎಣ್ಣೆ ಹಚ್ಚಿ ಬಾಚಿದ ತಲೆ. ಬಾಗಿಲು ತೆಗೆದು ಓಡಿದಳು, ಲ್ಯಾಪ್‌ಟಾಪು ಎದೆಗೆ ಅವುಚಿಕೊಂಡು ಓಡಿದಳು, ಅಳಿಸಿದ್ದು ಮೂಲದಲ್ಲಿ ಇದ್ದೇ ಇದೆ, ಕಾರ್ಡಿನದು ಹಾಗೇ ಇದೆ, ಓಡುತ್ತಾ ಹುಡುಕಿದಳು, ಸಿಕ್ಕಿತು, ದನಿ ಪೂರ್ತಿ ಏರಿಸಿದಳು, ಕೇಳಿ, ಇದನ್ನ ಕೇಳಿ, ಚಿನ್ನಣ್ಣಾ ಇನ್ನೊಂದು ಸಲ ಹೊಡೀತೀರಾ — ಸೊಳ್ಳೆ ಗುಂಯ್‌ಗುಟ್ಟಿದಷ್ಟು, ಅಷ್ಟೇ, ಯಾರ ಕಿವಿಗೂ ಬೀಳಲಿಲ್ಲ, ಗುದ್ದಲಿ ಕಾವಿನ ಸದ್ದಿನ ಮುಂದೆ ಆ ಡಬ್ಬಿಯ ಸದ್ದು ಯಾವ ಮೂಲೆಗೆ, ಒಂದು ಬೆನ್ನಿಗೆ, ಒಂದು ಪಕ್ಕೆಗೆ, ಹಸಿ ಬಿದಿರು, ಅದೇ ಹಸಿ ಬಿದಿರು, ಹೆಂಗಸೊಬ್ಬಳು ಕಲ್ಲು ಎತ್ತಿ ಹಾಕಿದಳು, ಅವಳು ಮುದ್ದಿಯಲ್ಲ, ಮುದ್ದಿ ಟಾರ್ಪಾಲಿನ ಹತ್ತಿರ ಎರಡು ಕೈಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದಾಳೆ, ಸೋಮಯ್ಯಣ್ಣ ಕ್ಯಾಮೆರಾದ ಹಿಂದೆ ಅಳುತ್ತಿದ್ದಾನೆ, ಅಳುತ್ತಲೇ ತೆಗೆಯುತ್ತಿದ್ದಾನೆ. ಯಾರೋ ಅವಳ ಭುಜಕ್ಕೆ ಗುದ್ದಿದರು, ಲ್ಯಾಪ್‌ಟಾಪು ಬಿದ್ದು ಒಡೆಯಿತು, ಒಳ್ಳೆಯದಾಯಿತು, ಬರಿಗೈಯಲ್ಲಿ ನುಗ್ಗಿದಳು, ಕಾಲುಗಳ ನಡುವೆ ನುಗ್ಗಿದಳು, ಮೊಣಕೈಗೆ ಕಾವು ಬಿತ್ತು, ಏನೋ ಮುರಿಯಿತು, ಅವನ ಮೇಲೆ ಬಿದ್ದಳು.

ನಾನು, ಅಂತ ಕಿರುಚಿದಳು. ನಾನು ಹೇಳಿದ್ದು. ಅವನು ಬೇಡ ಅಂದ, ಒಂದೇ ಶಿಳ್ಳೆ ಅಂದ, ನಾನೇ ಹೊಡೆಸಿದ್ದು, ಸದ್ದು ಬೇಕಿತ್ತು ನಂಗೆ, ಟಿವಿಗೆ ಸದ್ದು ಬೇಕಿತ್ತು, ನನ್ನನ್ನ ಹೊಡೀರಿ, ನಾನೇ ಕೊಂದಿದ್ದು. ಯಾವ ಮೈಕಿಗೂ ಬೇಡವಾದ ದನಿ, ಒಡಕು ದನಿ, ಹಸು ಅರಚಿದ ಹಾಗೆ, ಅದು ಕೇಳಿತು, ಕಣದ ಕೊನೆವರೆಗೂ ಕೇಳಿತು. ಜನ ನಿಂತುಬಿಟ್ಟರು. ರಾಜುವಿನ ಅಣ್ಣ ಎತ್ತಿದ ಕಾವನ್ನು ಇಳಿಸಲೂ ಇಲ್ಲ, ಬೀಸಲೂ ಇಲ್ಲ, ಏನಂದ್ರಿ, ಇನ್ನೊಂದ್ಸಲ ಹೇಳಿ. ಇನ್ನೊಂದು ಸಲ ಹೇಳಿದಳು. ಅವನು ಕೂತುಬಿಟ್ಟ. ಮುದ್ದಿ ಕಿವಿಯಿಂದ ಕೈ ತೆಗೆದಳು, ಎದ್ದಳು, ಬಿದ್ದಳು, ತೆವಳಿಕೊಂಡು ಬಂದು ತಮ್ಮನ ತಲೆಯನ್ನು ತೊಡೆಗೆ ಎಳೆದುಕೊಂಡಳು, ಭವ್ಯಶ್ರೀಯ ಕಡೆ ನೋಡಲೂ ಇಲ್ಲ, ಚಿನ್ನಾ, ಏ ಚಿನ್ನಾ, ಕೇಳ್ತಾ, ನೀನಲ್ವಂತೆ ಕಣೋ, ಅವ್ರು ಹೇಳಿದ್ರು ನೋಡು, ಎಲ್ಲರ ಮುಂದೆ ಹೇಳಿದ್ರು, ಏಳೋ, ನಾನು ಏನೇನೋ ಅಂದ್ಬಿಟ್ಟೆ, ಏಳೋ ನನ್ನಪ್ಪ — ಕೆನ್ನೆ ತಟ್ಟಿದಳು, ಸೆರಗಿನಿಂದ ಬಾಯಿ ಒರೆಸಿದಳು, ಒರೆಸಿದಷ್ಟೂ ಬಂತು, ಆಮೇಲೆ ಬರುವುದು ನಿಂತಿತು, ಮುದ್ದಿ ಅವನ ಮೂಗಿನ ಹತ್ತಿರ ಬೆರಳು ಹಿಡಿದಳು, ಉಸಿರಿರಲಿಲ್ಲ. ತೊಡೆ ಮೇಲಿನ ತಲೆ ಈ ಕಡೆಗೆ ಹೊರಳಿತು, ತಾನಾಗಿ ಹೊರಳಿತು, ಕಣ್ಣು ತೆರೆದೇ ಇದೆ — ಹೇಳಿದೆನಲ್ಲೋ ಚಿನ್ನ, ಎರಡು ಸಲ ಹೇಳಿದೆ, ಇನ್ನೇನು ಹೇಳಲಿ, ಕೇಳಲಿಲ್ಲವಾ ನಿನಗೆ, ಎಲ್ಲರಿಗೂ ಕೇಳಿತಲ್ಲೋ — ನೋಡುತ್ತಿದ್ದಾನೆ, ಕತ್ತು ತಿರುಗಿಸಿ, ಅವಳನ್ನೇ, ಅವಳು ಹೇಳಲಿ ಅಂತ, ಕಾಯುತ್ತಾ, ಕತ್ತು ತಿರುಗಿಸಿ, ಅವಳು ಹೇಳಲಿ ಅಂತ